ಅಮ್ಮನ ಜೋಗುಳದ ಹಕ್ಕುದಾರರು

ಕಾಪಿರೈಟಿನ ವಿಷಯದಲ್ಲಿ ನಾನು ಬಾಯಿ ತೆರೆದಾಗಲೆಲ್ಲ ಏನಾದರೊಂದು ಆಗಿಯೇ ಆಗುತ್ತದೆ. ಕೊಡಿಯಾಲ್‌ಬೈಲಿನ ಕಾಲೇಜೊಂದರ ಗ್ರಂಥಾಲಯದಲ್ಲಿ ನನ್ನ ಕೆಲಸ. ಯಾವ ಪುಸ್ತಕದ ಎಷ್ಟು ಪುಟ ಜೆರಾಕ್ಸ್ ಮಾಡಬಹುದು, ಯಾರ ಚಿತ್ರವನ್ನು ಯಾರ ಅನುಮತಿಯಿಂದ ಬಳಸಬಹುದು ಎಂದು ಮಕ್ಕಳಿಗೆ ಹೇಳುವವಳು ನಾನೇ. ಅಲ್ಲಿ ನಡೆದದ್ದನ್ನೆಲ್ಲ ಬರೆಯಹೊರಟರೆ ಮುಗಿಯದು. ನಾಲ್ಕು ನಿಮಿಷದ ಒಂದು ಹಾಡಿನ ಸುತ್ತ ನಡೆದದ್ದನ್ನಷ್ಟೇ ಇಲ್ಲಿ ಹೇಳುತ್ತೇನೆ. ಹಾಡಿದವಳು ನನ್ನ ಅಮ್ಮ.

ದೇವಿಯ ಮರಣ ದಿನಾಂಕ

ಅಡುಗೆ ಮಾಡುತ್ತ ಅಮ್ಮ ಹಾಡಿದ ತುಳು ಜೋಗುಳವನ್ನು ಒಂದು ಮಧ್ಯಾಹ್ನ ಫೋನಿನಲ್ಲಿ ದಾಖಲಿಸಿಕೊಂಡೆ. ಅಂತರ್ಜಾಲಕ್ಕೆ ಏರಿಸುವ ಮೊದಲು ವಿವರಗಳನ್ನು ಕ್ರಮವಾಗಿ ಬರೆದಿಡೋಣವೆಂದು ಕುಳಿತೆ.

"ಕರ್ತೃ ಯಾರಮ್ಮಾ?"

"ಯಾರೋ. ಅಜ್ಜಿ ಹಾಡ್ತಿದ್ದರು."

ಕಾಫಿಗೆ ಬಂದಿದ್ದ ಸೋದರಮಾವ ದೇವಸ್ಥಾನದ ಅರ್ಚಕರು. ಅವರಿಗೆ ಸಿಟ್ಟು ಬಂತು. "ಯಾರೋ ಅಂದ್ರೆ ಎಂತ? ದೇವಿಯೇ ಮುದುಕಿಯ ವೇಷದಲ್ಲಿ ಬಂದು, ನಮ್ಮ ಮನೆಯ ಅಳುವ ಮಗುವನ್ನು ತೂಗಿ ಹಾಡಿದ್ದು. ದೇವಿ ಅಂತ ಬರಿ."

ಮಾವನ ಈ ಕಥೆಯಲ್ಲಿ ಅಳುವ ಮಗು ಒಮ್ಮೆ ಅವರ ಮುತ್ತಜ್ಜ, ಇನ್ನೊಮ್ಮೆ ಮುತ್ತಜ್ಜನ ತಂಗಿ. ನಾನದನ್ನು ಗಮನಿಸಿದ್ದೆನಾದರೂ ಎತ್ತಿ ಆಡಿರಲಿಲ್ಲ. ಕಾನೂನನ್ನಷ್ಟೇ ಹೇಳಿದೆ: "ಕರ್ತೃ ತೀರಿಕೊಂಡು ಅರವತ್ತು ವರ್ಷ ಆದ ಮೇಲೆ ಮಾತ್ರ ಹಾಡು ಎಲ್ಲರದ್ದಾಗುವುದು, ಮಾವ."

"ದೇವಿ ತೀರಿಕೊಳ್ಳುವುದು ಉಂಟಾ?"

"ಹಾಗಾದರೆ ಅವಳ ಅನುಮತಿಯೇ ಬೇಕು."

ಅಮ್ಮ ಒಲೆಯ ಮುಂದಿನಿಂದಲೇ ತಮ್ಮನಿಗೆ ಹೇಳಿದಳು: "ನಾಳೆ ಬೆಳಿಗ್ಗೆ ಪೂಜೆಗೆ ಹೋಗುವವ ನೀನೇ ಅಲ್ವಾ? ಕೇಳಿಕೊಂಡು ಬಾ."

ಮರುದಿನ ಮಾವನ ಫೋನ್ ಬಂತು. "ಅಡ್ಡಿಯಿಲ್ಲವಂತೆ."

ಯುದ್ಧದ ಕೊಂಬು

ಹಾಡನ್ನು ಮುಕ್ತ ಪರವಾನಗಿಯಲ್ಲಿ ಏರಿಸಿದೆ. ಯಾರು ಬೇಕಾದರೂ ಇಳಿಸಿಕೊಳ್ಳಬಹುದು, ಹಾಡಬಹುದು, ಬದಲಿಸಲೂಬಹುದು. ಮರುವರ್ಷ ಅಮ್ಮ ತೀರಿಕೊಂಡಳು.

ಕೆಲವು ತಿಂಗಳ ಬಳಿಕ ತೊಕ್ಕೊಟ್ಟಿನಿಂದ ಬಸ್ಸಿನಲ್ಲಿ ಬರುತ್ತಿದ್ದೆ. ಸ್ಪೀಕರಿನಲ್ಲಿ ದಡದಡ ಡೋಲು. ಅದರ ನಡುವೆ ಅಮ್ಮನ ಸ್ವರ. ಅರಿವಿಲ್ಲದೆ ಎದ್ದು ನಿಂತೆ.

"ಸ್ಟಾಪ್ ಬರಲಿಲ್ಲ ಅಕ್ಕ, ಕೂತ್ಕೊಳ್ಳಿ," ಎಂದ ಕಂಡಕ್ಟರ್.

"ಈ ಹಾಡು ಎಲ್ಲಿಯದು?"

"ಇದಾ? ಐನೂರು ವರ್ಷ ಹಳತು. ರಾಣಿಯೊಬ್ಬಳು ಯುದ್ಧಕ್ಕೆ ಹೊರಡುವಾಗ ಮಗುವನ್ನು ಮಲಗಿಸಿದ್ದು. ಈಗ ಕೇಳಿ, ಕೊಂಬು ಊದ್ತಾರೆ."

ಊದಿದರು. "ಅದು ನಮ್ಮ ಮನೆಯ ಕುಕ್ಕರ್," ಎಂದೆ.

ಆತ ನನ್ನನ್ನು ಕನಿಕರದಿಂದ ನೋಡಿದ. "ಎಂತ ಅಕ್ಕ ನೀವು! ಐನೂರು ವರ್ಷದ ಹಿಂದೆ ಕುಕ್ಕರ್ ಉಂಟಾ?"

ತರ್ಕದಲ್ಲಿ ದೋಷವಿರಲಿಲ್ಲ. ಹಾಡು ಮುಗಿಯುವವರೆಗೆ ಇಳಿಯಲು ಮನಸ್ಸಾಗದೆ ನನ್ನ ಸ್ಟಾಪ್ ದಾಟಿ ಹೋದೆ. ಆತ ಇನ್ನೊಂದು ಟಿಕೆಟ್ ಹರಿದುಕೊಟ್ಟ.

ಉಚಿತ ಕೊಡುಗೆ

ಅಂದು ಇಳಿಯುವ ಗಡಿಬಿಡಿಯಲ್ಲಿ ಫೋನ್ ಕೈಜಾರಿ ಚಕ್ರದಡಿ ಸೇರಿತು. ಯಾವುದಕ್ಕೂ ಮೂರು ಪ್ರತಿ ಇಡಿರೆಂದು ಬೋಧಿಸುವ ನನ್ನ ಬಳಿ ಹಾಡಿನ ಇನ್ನೊಂದು ಪ್ರತಿ ಇರಲಿಲ್ಲ. ಅಂತರ್ಜಾಲದಲ್ಲಿ ಇದೆಯಲ್ಲ ಎಂಬ ಧೈರ್ಯವೊಂದಿತ್ತು. ಆ ವಾರವೇ ತಾಣದಿಂದ ನೋಟಿಸ್ ಬಂತು: ನೀವು ಏರಿಸಿದ ಹಾಡು ಬೇರೊಬ್ಬರ ಸ್ವತ್ತು, ಆದ್ದರಿಂದ ತೆಗೆದುಹಾಕಲಾಗಿದೆ.

ಆ ಬೇರೊಬ್ಬರು ಹಂಪನಕಟ್ಟೆಯ ಮಹಡಿಯೊಂದರಲ್ಲಿ ರೆಕಾರ್ಡಿಂಗ್ ಸ್ಟುಡಿಯೋ ಇಟ್ಟಿದ್ದರು. ಜಗಳಕ್ಕೆಂದೇ ಹೋಗಿದ್ದೆ, ಅವರು ಕುರ್ಚಿ ಕೊಟ್ಟು, ಕುಡಿಯಲು ಬೊಂಡ ತರಿಸಿದರು.

"ಡೋಲು ಹಾಕಿ ನಮ್ಮ ಹೆಸರಿನಲ್ಲಿ ನೋಂದಾಯಿಸಿದ್ದು ಹೌದು ಮೇಡಂ. ನಿಮ್ಮದನ್ನು ತೆಗೆದದ್ದು ಕಂಪ್ಯೂಟರ್. ಅದಕ್ಕೆ ಅಮ್ಮ ಯಾರು, ಸ್ಟುಡಿಯೋ ಯಾವುದು ಅಂತ ಗೊತ್ತಾಗುವುದಿಲ್ಲ. ನಮ್ಮ ಹಕ್ಕನ್ನು ಇವತ್ತೇ ಹಿಂದೆ ತೆಗೀತೇನೆ." ತೆಗೆದರು ಕೂಡ. ತಾಣದವರ ಉತ್ತರ ಮಾತ್ರ ಈಗಲೂ "ಪರಿಶೀಲನೆಯಲ್ಲಿದೆ".

"ಹಕ್ಕು ನೀವೇ ಇಟ್ಟುಕೊಳ್ಳಿ," ಎಂದೆ. "ಡೋಲು ತೆಗೆದು ಬರೀ ಸ್ವರ ಕೊಡಿ, ಸಾಕು."

"ಸಾಂಬಾರಿನಿಂದ ಉಪ್ಪು ತೆಗೀಲಿಕ್ಕೆ ಆಗ್ತದಾ ಮೇಡಂ? ಮಿಕ್ಸ್ ಆದ ಮೇಲೆ ಮೂಲ ಫೈಲನ್ನು ಅಳಿಸಿ ಆಯಿತು." ಅವರಿಗೂ ಪಾಪ ಅನ್ನಿಸಿರಬೇಕು. ಸ್ವಲ್ಪ ಯೋಚಿಸಿ, ಮುಖವರಳಿಸಿ ಹೇಳಿದರು: "ಒಂದು ಕೆಲಸ ಮಾಡಿ. ಅಮ್ಮನನ್ನೇ ಒಮ್ಮೆ ಕರ್ಕೊಂಡು ಬನ್ನಿ. ಒಳ್ಳೆ ಮೈಕಿನಲ್ಲಿ ಫ್ರೀಯಾಗಿ ಮಾಡಿ ಕೊಡ್ತೇನೆ."

ಇಂತಹ ಉದಾರ ಕೊಡುಗೆಯನ್ನು ನಾನು ಜೀವನದಲ್ಲಿ ಇನ್ನೊಂದು ಕಂಡಿಲ್ಲ. ಆಗಲಿ, ಕರೆತರುತ್ತೇನೆ ಎಂದು ಹೇಳಿ ಮೆಟ್ಟಲಿಳಿದೆ.

ಕುವೈತಿನ ಮಧ್ಯಾಹ್ನ

ನಮ್ಮ ಕೆಳಗಿನ ಫ್ಲ್ಯಾಟಿನಲ್ಲಿ ನಿವೃತ್ತ ಶಿಕ್ಷಕಿಯೊಬ್ಬರಿದ್ದಾರೆ. ಕೊಂಕಣಿ ಕ್ರಿಶ್ಚಿಯನರು, ಕಟ್ಟಡಕ್ಕೆಲ್ಲ ಅವರು "ಟೀಚರ್". ಲಿಫ್ಟಿನಲ್ಲಿ ನನ್ನ ಮುಖ ನೋಡಿ ವಿಚಾರಿಸಿದರು, ಹೇಳಿದೆ.

"ಎಂತ ಮಾರಾಯ್ತಿ, ಅದು ನನ್ನ ಮಗಳ ಹತ್ರ ಉಂಟಲ್ಲ! ಯಾರು ಬೇಕಾದರೂ ಇಳಿಸಿಕೊಳ್ಳಿ ಅಂತ ನೀವೇ ಬರೆದದ್ದಲ್ವಾ? ನಾನೇ ಲಿಂಕ್ ಕಳಿಸಿದ್ದು, ಅವಳು ಇಳಿಸಿಕೊಂಡಳು. ಅದಿಲ್ಲದೆ ಮೊಮ್ಮಗಳು ಮಲಗುವುದೇ ಇಲ್ಲ."

ಮಗಳು ಕುವೈತಿನಲ್ಲಿ ನರ್ಸ್. ಶುಕ್ರವಾರ ಅವಳಿಗೆ ರಜೆ. ಮಧ್ಯಾಹ್ನ ಮಗುವನ್ನು ಮಲಗಿಸುವ ಹೊತ್ತಿಗೆ ಟೀಚರ್ ವೀಡಿಯೊ ಕರೆ ಮಾಡಿದರು. "ಫೈಲ್ ಈಗಲೇ ಕಳಿಸ್ತೇನೆ ಆಂಟಿ, ಮೊದಲು ಕೇಳಿ," ಎಂದು ಮಗಳು ಹಾಡು ಹಾಕಲು ಬೆರಳೆತ್ತಿದಳು.

ನಾಲ್ಕು ವರ್ಷದ ಮೊಮ್ಮಗಳು ಅವಳ ಕೈ ಹಿಡಿದು ತಡೆದಳು. ಹಾಸಿಗೆಯಲ್ಲಿ ಮೊಣಕಾಲೂರಿ, ಕಣ್ಣು ಮುಚ್ಚಿ, ಕೈ ಜೋಡಿಸಿ, ಕೊಂಕಣಿಯ ರಾಗದ ಕನ್ನಡದಲ್ಲಿ ಶುರುಮಾಡಿದಳು. ಮೊದಲು ನನ್ನ ಅಮ್ಮನ ಪೂರ್ತಿ ಹೆಸರು, ಇನಿಶಿಯಲ್ ಸಹಿತ. ಅನಂತರ: "ಹಾಡಿದವರ ಹೆಸರನ್ನು ಹೇಳತಕ್ಕದ್ದು. ಬದಲಾವಣೆಯಿದ್ದಲ್ಲಿ ತಿಳಿಸತಕ್ಕದ್ದು. ಇದೇ ಷರತ್ತಿನಲ್ಲಿ ಹಂಚತಕ್ಕದ್ದು. ಆಮೆನ್."

"ನೀವು ಹಾಡಿನ ಕೆಳಗೆ ಬರೆದ ನಿಯಮ ಅಲ್ವಾ?" ಎಂದರು ಟೀಚರ್. "ಪ್ರತಿ ಸಲ ಓದಿಯೇ ಹಾಕಬೇಕು ಅಂತ ಮಗಳಿಗೆ ಹೇಳಿಟ್ಟಿದ್ದೇನೆ. ಕಾನೂನು ಅಂದ್ರೆ ಕಾನೂನು. ಕೇಳಿ ಕೇಳಿ ಇವಳಿಗೆ ಬಾಯಿಪಾಠ."

ಅಮ್ಮ ಹೋದ ಮೇಲೆ ಆ ಹೆಸರನ್ನು ಯಾರೂ ಅಷ್ಟು ಪೂರ್ತಿಯಾಗಿ ಉಚ್ಚರಿಸಿದ್ದು ನಾನು ಕೇಳಿರಲಿಲ್ಲ. ಅಲ್ಲಿ ದಿನಕ್ಕೆರಡು ಸಲ ಹೇಳುತ್ತಿದ್ದರು.

ಮಗು ಕಣ್ಣು ತೆರೆದು ನನ್ನನ್ನೇ ನೋಡಿ ಕೊಂಕಣಿಯಲ್ಲಿ ಏನೋ ಕೇಳಿತು. ಟೀಚರ್ ಮುಜುಗರದಿಂದ ಕನ್ನಡಿಸಿದರು: "ನಿಮ್ಮ ಅಮ್ಮ ಚರ್ಚಿನ ಸಂತರಲ್ಲಿ ಒಬ್ಬರು ಅಂತ ಇವಳ ಲೆಕ್ಕ. ಸಂತರಿಗೆಲ್ಲ ಒಂದೊಂದು ಹಬ್ಬ ಉಂಟಲ್ಲ, ಇವರದ್ದು ಯಾವತ್ತು ಅಂತ ಕೇಳ್ತಾಳೆ."

ಅಮ್ಮ ಹುಟ್ಟಿದ ದಿನವನ್ನು ಹೇಳಿದೆ. ಟೀಚರ್ ಎದ್ದು ಹೋಗಿ ಗೋಡೆಯ ಕ್ಯಾಲೆಂಡರಿನಲ್ಲಿ ಕೆಂಪು ಗುರುತು ಹಾಕಿದರು.

"ಆ ದಿನ ಶಾಲೆಗೆ ರಜೆಯಾ ಅಂತ ಕೇಳ್ತಾಳೆ," ಎಂದರು.

"ರಜೆ," ಎಂದೆ.

ಮಗು ಸಮಾಧಾನದಿಂದ ಮಲಗಿತು. ಮಗಳು ಹಾಡು ಹಾಕಿದಳು. ನನ್ನ ಅಮ್ಮ ಹಾಡತೊಡಗಿದಳು.