ಟಂಕಸಾಲೆಯ ತಪ್ಪಿಗೆ ಕಂಡಕ್ಟರನ ನಡುಕ

ಹೆದರಿದವನ ಮೇಲೆಯೇ ಕಪ್ಪೆ ಬೀಳುತ್ತದೆ ಅನ್ನುವುದು ಸುಳ್ಳಲ್ಲ. ಮುಂಬಯಿ ರಾಜ್ಯದ ಕಾಲದಲ್ಲಿ ನಾನು ಜಮಖಂಡಿಯಲ್ಲಿ ಮನೆ ಮಾಡಿಕೊಂಡು ಬಸ್ ಕಂಡಕ್ಟರನಾಗಿದ್ದೆ. ಮುಧೋಳ, ಬೀಳಗಿ, ಬನಹಟ್ಟಿ, ಯಾವ ದಾರಿಯ ಬಸ್ಸಿಗೆ ಹಾಕಿದರೂ ಟಂಕಸಾಲೆಯಲ್ಲಿ ಕೆಟ್ಟು ಹುಟ್ಟಿದ ನಾಣ್ಯ ನನ್ನನ್ನೇ ಹುಡುಕಿಕೊಂಡು ಬರುತ್ತಿತ್ತು. ಬೇರೆ ಕಂಡಕ್ಟರರು ಅಂಥದ್ದನ್ನು ಮುಂದಿನವರ ಚಿಲ್ಲರೆಯಲ್ಲಿ ಸಾಗಹಾಕುತ್ತಿದ್ದರು. ನನಗೆ ಮಾತ್ರ ಅದರ ಮೇಲೆ ಮೋಹ. ನನ್ನ ಕಿಸೆಯಿಂದ ಒಳ್ಳೆಯ ನಾಣ್ಯ ಚೀಲಕ್ಕೆ ಹಾಕಿ, ಕೆಟ್ಟದ್ದನ್ನು ಮನೆಗೆ ಒಯ್ದು ತಂಬಾಕಿನ ಡಬ್ಬಿಯಲ್ಲಿ ಇಡುತ್ತಿದ್ದೆ. ಆದರೆ ನಾನು ಹುಟ್ಟಾ ಪುಕ್ಕಲ. ಖೊಟ್ಟಿ, ಅಂದರೆ ನಕಲಿ ನಾಣ್ಯ ಇಟ್ಟುಕೊಂಡವನ ಮನೆಯನ್ನೂ ಪೊಲೀಸರು ಶೋಧಿಸಿ ಝಡತಿ ಮಾಡುತ್ತಾರೆ, ಅವನಿಗೂ ಜೇಲು ಅಂತ ಕೇಳಿದ್ದೆ. ಹೊರಗೆ ಯಾರ ಬೂಟಿನ ಸಪ್ಪಳ ಕೇಳಿದರೂ ಬಾಯಲ್ಲಿಟ್ಟ ತುತ್ತು ಕೆಳಗೆ ಇಳಿಯುತ್ತಿರಲಿಲ್ಲ. ಅಂಜಿಕೆ ಬಿಡಲಿಲ್ಲ, ಡಬ್ಬಿಯನ್ನು ನಾನು ಬಿಡಲಿಲ್ಲ.

ರಾಜನೂ ಇಲ್ಲ, ಸಿಂಹವೂ ಇಲ್ಲ

ಎಲ್ಲ ಶುರುವಾದದ್ದು ಮುಧೋಳದ ಬಸ್ಸಿನಲ್ಲಿ. ರಾಜನ ಮುಖದ ನಾಣ್ಯ ಹೋಗಿ ಸಿಂಹದ ನಾಣ್ಯ ಆಗತಾನೇ ಬರತೊಡಗಿತ್ತು. ಒಬ್ಬ ಅಜ್ಜಿ ಟಿಕೀಟಿಗೆಂದು ಸೆರಗಿನ ಗಂಟು ಬಿಚ್ಚಿ ಒಂದಾಣೆ ಕೊಟ್ಟಳು. ಒಂದು ಮಗ್ಗುಲಿಗೆ ಎತ್ತಿನ ಚಿತ್ರ ಸರಿಯಾಗಿತ್ತು. ತಿರುಗಿಸಿ ನೋಡಿದರೆ ಇನ್ನೊಂದು ಮಗ್ಗುಲು ಬರೀ ನುಣುಪು, ಏನೂ ಮೂಡಿಲ್ಲ. ಇದು ನಡೆಯುವುದಿಲ್ಲ, ಬೇರೆ ಕೊಡು ಅಂದೆ. ಅಜ್ಜಿ ಸಂಸ್ಥಾನ ನೋಡಿದವಳು, ಬ್ರಿಟಿಷರನ್ನು ನೋಡಿದವಳು, ಈಗ ಮುಂಬಯಿ ಸರಕಾರವನ್ನೂ ನೋಡುತ್ತಿದ್ದವಳು. ನಾಣ್ಯ ವಾಪಸು ತಗೊಳ್ಳಲಿಲ್ಲ. ನನಗೇ ಸಮಾಧಾನ ಹೇಳಿದಳು:

“ಅಂಜಬ್ಯಾಡೋ ಯಪ್ಪಾ. ರಾಜ ಇಳದಾನ, ಸಿಂಹ ಇನ್ನೂ ಹತ್ತಿಲ್ಲ. ಅಷ್ಟರಾಗ ನನಗ ಬಂದೈತಿ.”

ಪತ್ತಾರನ ಲೆಕ್ಕ

ಆ ಒಂದಾಣೆಯನ್ನು ಜಮಖಂಡಿಯ ಪೇಟೆಯಲ್ಲಿ ನನಗೆ ಪರಿಚಯವಿದ್ದ ಅಕ್ಕಸಾಲಿಗ ಪತ್ತಾರನಿಗೆ ತೋರಿಸಿದೆ. ಚಿನ್ನ ತೂಗುವ ತಕ್ಕಡಿಯಲ್ಲಿ ಒಂದು ಕಡೆ ಅದನ್ನು, ಇನ್ನೊಂದು ಕಡೆ ಒಳ್ಳೆಯ ಒಂದಾಣೆಯನ್ನು ಇಟ್ಟ. ಮುಳ್ಳು ಅಲುಗಲಿಲ್ಲ. ಕಲ್ಲಿನ ಮೇಲೆ ಕುಟ್ಟಿ ಸಪ್ಪಳ ಕೇಳಿದ, ಅಂಚಿನ ಮೇಲೆ ಉಗುರು ಆಡಿಸಿದ. ಎರಕ ಹೊಯ್ದದ್ದಾದರೆ ಮೈಯೆಲ್ಲ ಉಸುಕಿನ ಗುಳಿ ಇರುತ್ತವೆ, ಇದರಲ್ಲಿಲ್ಲ, ಇದು ಟಂಕಸಾಲೆಯದೇ ಅಂದ. ಅಷ್ಟು ಖಾತ್ರಿ ಹೇಗೆ ಅಂತ ನಾನು ಕೇಳಿದೆ.

“ಖೊಟ್ಟಿ ಮಾಡಾವ ಇಷ್ಟ ದೊಡ್ಡ ತಪ್ಪ ಮಾಡಂಗಿಲ್ರಿ, ಅವಂಗ ಜೇಲಿನ ಅಂಜಿಕಿ ಇರತೈತಿ. ಹಿಂಥಾದ್ದು ಮಾಡಿ ಆರಾಮ ಇರಾಕ ಸರಕಾರನ ಬೇಕು.”

ಬಾಯಲ್ಲಿ ಎರಡಾಣೆ

ಬನಹಟ್ಟಿಯಲ್ಲಿ ಬಸ್ಸು ಹತ್ತಿದ ಒಬ್ಬ ನೇಕಾರ ಚೌಕದ ಎರಡಾಣೆ ಕೊಟ್ಟ. ಅದರಲ್ಲಿ ಸಿಂಹ ನಡುವೆ ನಿಲ್ಲದೆ ಒಂದು ಮೂಲೆಗೆ ಸರಿದಿತ್ತು, ಅರ್ಧ ಸಿಂಹ ನಾಣ್ಯದ ಹೊರಗೇ ಉಳಿದಿತ್ತು. ನಾನು ಹಿಂದೆಮುಂದೆ ನೋಡಿದೆ. ನಾವು ನೇಯ್ದ ಸೀರೆಯ ಅಂಚು ಸರಿದರೆ ಸಾವಕಾರ ಕೂಲಿ ಮುರಿಯುತ್ತಾನೆ, ಸರಕಾರದ ಸಿಂಹ ಸರಿದರೆ ನಾವೇ ಯಾಕೆ ಮುರಿಸಿಕೊಳ್ಳಬೇಕು ಅಂತ ಅವನ ವಾದ. ಮೋಹ ತಡೆಯದೆ ನನ್ನ ಎರಡಾಣೆ ಚೀಲಕ್ಕೆ ಹಾಕಿ, ಅವನದನ್ನು ಕೈಯಲ್ಲಿ ಹಿಡಿದುಕೊಂಡೆ. ರಬಕವಿಯಲ್ಲಿ ಚೆಕ್ಕರ ಸಾಹೇಬರು ಹತ್ತಿದರು. ಚೀಲದ ಲೆಕ್ಕಕ್ಕಿಂತ ಹೆಚ್ಚಿನ ರೊಕ್ಕ ಕಂಡಕ್ಟರನ ಹತ್ತಿರ ಸಿಕ್ಕರೆ ನೌಕರಿಗೇ ಕುತ್ತು. ಬೇರೆ ದಾರಿ ಕಾಣದೆ ನಾಣ್ಯವನ್ನು ಬಾಯಿಗೆ ಹಾಕಿಕೊಂಡೆ.

ಸಾಹೇಬರು ಕಿಸೆ ತಡವಿದರು, ಚೀಲ ಎಣಿಸಿದರು, ಒಂದರ ಹಿಂದೊಂದು ಪ್ರಶ್ನೆ ಕೇಳಿದರು. ನಾನು ಹೂಂ, ಊಹೂಂ ಬಿಟ್ಟು ಬೇರೇನೂ ಅನ್ನಲಿಲ್ಲ. ಬೆವರು ಕಿವಿಯ ಹಿಂದಿನಿಂದ ಇಳಿಯುತ್ತಿತ್ತು. ನೇಕಾರನಿಗೆ ಕನಿಕರ ಬಂತೋ ಏನೋ, ಇವರಿಗೆ ಬೆಳಗಿನಿಂದ ದವಡೆ ಹಲ್ಲಿನ ನೋವು ಅಂದುಬಿಟ್ಟ. ಸಾಹೇಬರ ಮನಸ್ಸು ಕರಗಿತು. ಇಂಥ ನೋವು ನುಂಗಿಕೊಂಡು ಡ್ಯೂಟಿ ಮಾಡುವವರನ್ನು ನೋಡಿ ಕಲಿಯಬೇಕು ಅಂತ ಬಸ್ಸಿನವರೆಲ್ಲ ಕೇಳುವಂತೆ ಹೇಳಿ ಇಳಿದು ಹೋದರು. ನನ್ನ ನೌಕರಿಯಲ್ಲಿ ಸಿಕ್ಕ ಒಂದೇ ಒಂದು ಶಹಬ್ಬಾಸಗಿರಿ ಬಾಯಿ ಮುಚ್ಚಿಕೊಂಡಿದ್ದಕ್ಕೆ.

ಉಲ್ಟಾ ಸಿಂಹ

ಒಮ್ಮೆ ಒಂದು ಪಾವಲಿ ಸಿಕ್ಕಿತು. ನಾಕಾಣೆಯ ಆ ನಾಣ್ಯದ ಒಂದು ಮಗ್ಗುಲಿಗೆ ಸಿಂಹ ಉಬ್ಬಿ ನಿಂತಿತ್ತು. ಇನ್ನೊಂದು ಮಗ್ಗುಲಿಗೂ ಅದೇ ಸಿಂಹ, ಆದರೆ ಒಳಗೆ ತಗ್ಗಾಗಿ, ಅಕ್ಷರಗಳು ಕನ್ನಡಿಯಲ್ಲಿ ಕಂಡಂತೆ ತಿರುವುಮುರುವು. ನನ್ನ ಅಂಗಿ ಒಗೆಯುವಾಗ ಅದು ಹೆಂಡತಿಯ ಕೈಗೆ ಸಿಕ್ಕಿತು. ಯಾರೋ ಮಾಟ ಮಾಡಿಸಿದ್ದಾರೆ ಅಂತ ಅವಳು ಹೊಸ್ತಿಲಿಗೆ ಲಿಂಬೆಹಣ್ಣು ಕೊಯ್ದಳು. ಬೀಳಗಿ ಕಡೆಯ ಪಾಳಿ ಬಂದಾಗ ಅನಗವಾಡಿಯ ಹೊಳೆಗೆ ಒಗೆದು ಬರಲೇಬೇಕು, ಇಲ್ಲದಿದ್ದರೆ ತವರಿಗೆ ಹೋಗುತ್ತೇನೆ ಅಂದಳು. ನನಗೆ ಪಾವಲಿ ಒಗೆಯಲು ಸಂಕಟ, ಒಗೆಯದೆ ಮನೆಗೆ ಹೋಗಲು ಅಂಜಿಕೆ. ಕೊನೆಗೆ ಹೊಳೆಯ ದಂಡೆಗೆ ಹೋಗಿ ಕೈ ಎತ್ತಿದೆ. ನಾವಿಯ ಅಂಬಿಗ ಏನು ಒಗೆಯುತ್ತೀರಿ ಅಂತ ಕೇಳಿ, ನಾಣ್ಯ ಇಸಿದುಕೊಂಡು ನೋಡಿದ. ನೋಡಿದವನೇ ಅದನ್ನು ನನ್ನ ಮುಷ್ಟಿಯೊಳಗೆ ತುರುಕಿ ಎರಡೂ ಕೈಯಿಂದ ಮುಷ್ಟಿ ಒತ್ತಿ ಹಿಡಿದ.

“ಕೈ ಮುಗೀತೀನ್ರಿ, ಒಗೀಬ್ಯಾಡ್ರಿ. ಹೊಳಿನೂ ಉಲ್ಟಾ ಹರದ್ರ ನನ್ನ ನಾವಿ ಎತ್ತ ಹೋಗಬೇಕ್ರಿ?”

ಫೌಜದಾರರ ಮನೆಯ ಆಹೇರಿ

ಪಾವಲಿ ಗುಟ್ಟಾಗಿ ಡಬ್ಬಿ ಸೇರಿತು. ನಮ್ಮ ಓಣಿಯಲ್ಲೇ ಪೊಲೀಸ್ ಠಾಣೆಯ ಫೌಜದಾರರ ಮನೆ. ಅಲ್ಲಿ ಮಗಳ ಲಗ್ನವಾಯಿತು. ನಾನು ಡ್ಯೂಟಿಯ ಮೇಲಿದ್ದೆ, ಹೆಂಡತಿ ಹೋಗಿ ಮುಯ್ಯಿಯ ತಾಟಿನಲ್ಲಿ ಆಹೇರಿ ರೊಕ್ಕ ಹಾಕಿ ಉಂಡು ಬಂದಳು. ಲಗ್ನದ ಗದ್ದಲ ಮುಗಿದ ಮೇಲೆ ಒಂದು ದಿನ, ನಾನು ಚಹಾ ಕುಡಿಯುತ್ತ ಕೂತಾಗ, ಬೂಟಿನ ಸಪ್ಪಳ ನಮ್ಮ ಬಾಗಿಲಿಗೇ ಬಂದು ನಿಂತಿತು. ಫೌಜದಾರರು ಒಳಗೆ ಬಂದರು, ಬಾಗಿಲು ಹಾಕಿದರು, ಕೂತರು.

ಅವರು ಕರವಸ್ತ್ರದ ಗಂಟು ಬಿಚ್ಚಿದರು. ಮುಖವಿಲ್ಲದ ಒಂದಾಣೆ, ಮೂಲೆಯ ಸಿಂಹ, ಉಲ್ಟಾ ಪಾವಲಿ, ಎಲ್ಲ ನನ್ನವೇ. ಮುಗಿಯಿತು, ಇನ್ನು ಬೇಡಿ ಅಂದುಕೊಂಡೆ. ಆದರೆ ನಾಣ್ಯ ಹಿಡಿದ ಅವರ ಕೈ ನನ್ನ ಕೈಗಿಂತ ಹೆಚ್ಚು ನಡುಗುತ್ತಿತ್ತು.

“ಆಹೇರಿ ತಾಟಿನ್ಯಾಗ ಯಾರೋ ಖೊಟ್ಟಿ ರೊಕ್ಕ ಹಾಕ್ಯಾರ್ರಿ,” ಅಂತ ಪಿಸುಗುಟ್ಟಿದರು. “ಫೌಜದಾರನ ಮನ್ಯಾಗ ಖೊಟ್ಟಿ ರೊಕ್ಕ ಅಂದ್ರ ನನ್ನ ನೌಕರಿ ಹೋಗತೈತಿ. ನಿಮಗ ಇದರ ಪರೀಕ್ಷಾ ಗೊತ್ತೈತಿ ಅಂತ ಪತ್ತಾರ ಹೇಳ್ದ.”

ಇವು ಖೊಟ್ಟಿ ಅಲ್ಲ, ಟಂಕಸಾಲೆಯ ತಪ್ಪು ಅಂತ ತೂಕ, ಸಪ್ಪಳ, ಅಂಚು ಎಲ್ಲ ತಿಳಿಸಿ ಹೇಳಿದೆ. ಅವರ ಮುಖಕ್ಕೆ ಜೀವ ಬಂತು. ಹಾಗಾದರೆ ಮನೆಯಲ್ಲಿ ಇಟ್ಟುಕೊಂಡರೆ ಏನೂ ಆಗುವುದಿಲ್ಲವಲ್ಲ ಅಂತ ಕೇಳಿದರು. ಇವು ನನ್ನವು, ಕೊಡಿ ಅಂತ ಒಂದು ಮಾತು ಆಡಿದ್ದರೆ ನನ್ನ ನಾಣ್ಯಗಳು ನನಗೆ ಉಳಿಯುತ್ತಿದ್ದವು. ಅಷ್ಟರಲ್ಲಿ ಅಡುಗೆಮನೆಯ ಬಾಗಿಲ ಮರೆಯಿಂದ ನನ್ನ ಹೆಂಡತಿಯ ದನಿ ಬಂತು.

“ಇಟ್ಕೋಬ್ಯಾಡ್ರಿ ಸಾಹೇಬ್ರ. ನಾವು ಇಟ್ಕೊಂಡು ಅಂಜಿ ಅಂಜಿ ಸಾಯಾಕತ್ತಿದ್ವಿ. ಪೊಲೀಸರು ಝಡತಿ ಮಾಡದ ಮನಿ ಅಂದ್ರ ನಿಮ್ದ ಒಂದು ಅಂತ ತಾಟಿನ್ಯಾಗ ನಾನ ಹಾಕಿದ್ನಿರಿ.”

ಫೌಜದಾರರು ಅಡುಗೆಮನೆಯ ಬಾಗಿಲು ನೋಡಿದರು, ನನ್ನನ್ನು ನೋಡಿದರು. ನಾನು ನೆಲ ನೋಡಿದೆ. ಆಮೇಲೆ ಅವರು ನಾಣ್ಯಗಳನ್ನು ಒಂದೊಂದಾಗಿ ಕರವಸ್ತ್ರಕ್ಕೆ ಹಾಕಿ ಗಂಟು ಕಟ್ಟಿ, ಕಿಸೆಯಲ್ಲಿ ಇಟ್ಟುಕೊಂಡು ಎದ್ದರು.

“ಝಡತಿ ಮಾಡದ ಮನಿ ನಮ್ಮದಲ್ರಿ ಬಾಯಾರ, ವಿಜಾಪುರದ ನಮ್ಮ ದೊಡ್ಡ ಸಾಹೇಬರ್ದು. ಬರೂ ವಾರ ಅವರ ಮಗಳ ಲಗ್ನ ಐತಿ.”