ಭಾವನ ಮುಖ

ಬೆನ್ನ ಮೇಲಿನ ಚೌಕಾಕಾರದ ಚೀಲದಿಂದಾಗಿ ಅವನಿಗೆ ಚೀಲಣ್ಣ ಎಂದೇ ಹೆಸರು. ಊಟದ ಪೊಟ್ಟಣ ಕೊಡಲು ಮೂರನೇ ಮಹಡಿ ಹತ್ತಿದಾಗ ಅವನ ಫೋನು ಮುಖ ಕೇಳಿತು: “ಹತ್ತು ನಿಮಿಷದೊಳಗೆ ನಿಮ್ಮ ಮುಖ ತೋರಿಸಿ. ಇಲ್ಲವಾದರೆ ಖಾತೆ ಮುಚ್ಚಲಾಗುವುದು.”

ಮುಖವೇನೋ ಕುತ್ತಿಗೆಯ ಮೇಲೇ ಇತ್ತು. ಫೋನಿಗೆ ಬೇಕಾದದ್ದು ಅದಲ್ಲ. ದೇಶಕ್ಕೆ ಹೊಸಬನಾದ ಅವನಿಗೆ ಕೆಲಸದ ಕಾಗದ ಇನ್ನೂ ಸಿಕ್ಕಿರಲಿಲ್ಲ. ಊಟ ತಲುಪಿಸುವ ಕಂಪನಿಯಲ್ಲಿ ಅಕ್ಕನ ಗಂಡನ ಹೆಸರು, ಗಡ್ಡದ ಫೋಟೋ ಇರುವ ಖಾತೆ ಇಟ್ಟುಕೊಂಡು ದುಡಿಯುತ್ತಿದ್ದ. ಖಾತೆ ಮುಚ್ಚಿದರೆ ಕೆಲಸವಿಲ್ಲ, ಕೆಲಸವಿಲ್ಲದವನಿಗೆ ಆರು ಜನರ ಕೋಣೆಯಲ್ಲಿ ಹಾಸಿಗೆಯೂ ಇಲ್ಲ.

ಪೊಟ್ಟಣ ಕೊಟ್ಟು ಮೆಟ್ಟಿಲಿಳಿಯುತ್ತಲೇ ಫೋನಾಯಿಸಿದ. “ಭಾವ, ಎಲ್ಲಿದೀರಿ?”

“ಗಡ್ಡ ತೆಗೆಸೋಕೆ ಕೂತಿದೀನಿ ಕಣಯ್ಯ.”

ಸೈಕಲ್ಲು ಕ್ಷೌರದಂಗಡಿ ಮುಟ್ಟಿದಾಗ ನಾಲ್ಕು ನಿಮಿಷ ಉಳಿದಿತ್ತು. ಉಕ್ಕಿದ ಹಾಲಿನ ಪಾತ್ರೆಯಂತೆ ಭಾವನ ಮುಖದ ತುಂಬ ನೊರೆ. ಒರೆಸಿ ನೋಡಿದರೆ ಎಡಗಡೆ ಗಡ್ಡವೇ ಇಲ್ಲ.

“ಹೊಂದುತ್ತಿಲ್ಲ” ಎಂದಿತು ಫೋನು.

“ಸ್ವಲ್ಪ ನಗಿ ಭಾವ.”

“ಅರ್ಧ ಗಡ್ಡ ಇಟ್ಕೊಂಡು ಏನಂತ ನಗ್ಲಿ?”

ಸರದಿಗೆ ಕಾಯುತ್ತಿದ್ದ ಮುದುಕರೊಬ್ಬರು ಪತ್ರಿಕೆ ಇಳಿಸಿದರು. “ನಗಲೇಬಾರದು. ಗುರುತಿನ ಚೀಟಿ ಫೋಟೋಗೆ ನಕ್ಕಿದ್ದಕ್ಕೆ ನನ್ನ ಮೂರು ತಿಂಗಳು ಓಡಾಡ್ಸಿದ್ರು.”

ಪಕ್ಕದ ಅಂಗಡಿಯ ದರ್ಜಿ ಕತ್ತರಿ ಹಿಡಿದೇ ಒಳಬಂದ. “ಬೆಳಕು ಸಾಲ್ದು, ಬಾಗಿಲ ಕಡೆ ತಿರುಗ್ಸಿ.” ಕುರ್ಚಿ ತಿರುಗಿತು. ಭಾವನ ಕಾಲು ತಗುಲಿ ನೀರಿನ ಬೋಗುಣಿ ಮುದುಕರ ಮಡಿಲು ಸೇರಿತು.

ಉಳಿದದ್ದು ಒಂದೇ ನಿಮಿಷ. ಕ್ಷೌರಿಕನ ತಾಳ್ಮೆಯೂ ಮುಗಿಯಿತು. “ತಲೆ ಅಲ್ಲಾಡಿಸ್ಬೇಡಿ ಸ್ವಾಮಿ” ಎಂದು ಹಿಂದಿನಿಂದ ಭಾವನ ಗಲ್ಲ ಹಿಡಿದು, ತಾನೂ ಬಗ್ಗಿ ಫೋನನ್ನು ಇಣುಕಿದ.

ಟಿಣ್. “ಗುರುತು ಖಚಿತವಾಗಿದೆ. ಇನ್ನು ಮುಂದೆ ಇದೇ ಮುಖ ತೋರಿಸಿ.”

ದರ್ಜಿ ಎಲ್ಲರ ಕೈ ಕುಲುಕಿದ. ಆಮೇಲೆ ಚೀಲಣ್ಣ ಫೋನು ನೋಡಿದ. ಹಸಿರು ಬಳೆ ಬಿದ್ದಿದ್ದು ಭಾವನ ಮುಖದ ಸುತ್ತ ಅಲ್ಲ, ಪೂರ್ತಿ ಗಡ್ಡವಿದ್ದ ಕ್ಷೌರಿಕನ ಮುಖದ ಸುತ್ತ.

“ನಾನು ಇವನ ಹಾಗಿದೀನಾ?” ಭಾವನಿಗೆ ಕೋಪ ಬಂತು. “ನಿಮ್ಮಕ್ಕನ್ನೇ ಕೇಳು ಹೋಗು.”

ಚೀಲಣ್ಣ ಕ್ಷೌರಿಕನ ಕೈ ಹಿಡಿದುಕೊಂಡ. “ಅಣ್ಣಾ, ಇದು ವಾರಕ್ಕೊಂದ್ಸಲ ಮುಖ ಕೇಳುತ್ತೆ. ನೀವು ದಿನಾ ಇಲ್ಲೇ ಸಿಗ್ತೀರಲ್ಲ?”

“ಸಿಗ್ತಿದ್ದೆ ತಮ್ಮಾ.” ಕ್ಷೌರಿಕ ಟವೆಲು ಕೊಡವಿ ಮಡಚಿದ. “ನನ್ನ ಕಾಗದದ ಅವಧಿ ಇವತ್ತಿಗೆ ಮುಗೀತು. ನಿಮ್ಮ ಭಾವಂದು, ಈ ಅಜ್ಜಂದೇ ಕೊನೇ ಗಡ್ಡ, ಸಂಜೆ ಊರಿಗೆ ಹೊರಟಿದೀನಿ. ಮುಖಾನೂ ಜೊತೇಲೇ ತಗೊಂಡು ಹೋಗ್ಬೇಕಲ್ಲಪ್ಪ.”