ನನ್ನ ನೆತ್ತಿ, ನನ್ನ ಹಾರ್ಮೋನು

ಬೋಳುತಲೆಯವನಿಗೆ ಜಂಬ ಇರಬಾರದೆಂದು ಯಾವ ಶಾಸ್ತ್ರದಲ್ಲೂ ಹೇಳಿಲ್ಲ. ನನಗಂತೂ ಬೇಕಾದಷ್ಟಿತ್ತು. ಮೊದಲಿನಿಂದ ಇತ್ತೆಂದಲ್ಲ. ಮೂವತ್ತು ದಾಟುವ ಮೊದಲೇ ಹಣೆ ನೆತ್ತಿಯ ಕಡೆ ಹೊರಟಾಗ ಕಂಗಾಲಾಗಿದ್ದೆ. ಚನ್ನಗಿರಿಯ ಅಡಿಕೆ ಮಂಡಿಯಲ್ಲಿ ನನ್ನ ಜೊತೆ ಕೆಲಸ ಮಾಡುವವರು, ಅಡಿಕೆ ಬೇಯಿಸಿ ಉಳಿದ ಚೊಗರು ಹಚ್ಚಲು ಹೇಳಿದರು. ಅಡಿಕೆಗೆ ಬಣ್ಣ ಕೊಡುವ ರಸ ನನಗೂ ಏನಾದರೂ ಕೊಟ್ಟೀತೆಂದು ಹಚ್ಚಿಯೇಬಿಟ್ಟೆ. ಕೂದಲು ಬರಲಿಲ್ಲ, ನೆತ್ತಿ ಮಾತ್ರ ಕೆಂಪಾಯಿತು. "ಮಾಲಿಗೆ ಒಳ್ಳೆ ಬಣ್ಣ ಬಂದೈತೆ ಬಿಡ್ರಿ" ಎಂದು ಅವರೇ ನಕ್ಕರು. ಕೊನೆಗೆ ದಾವಣಗೆರೆಯ ಚರ್ಮದ ಡಾಕ್ಟರು, "ಇದು ಗಂಡಸರ ಹಾರ್ಮೋನಿನ ಕೆಲಸ, ವಂಶದಿಂದ ಬರುತ್ತೆ" ಎಂದರು. ಮುಂದೆ ಇನ್ನೂ ಏನೋ ಹೇಳುತ್ತಿದ್ದರು, ನನಗೆ ಅಷ್ಟೇ ಸಾಕಾಗಿತ್ತು. ಗಂಡಸರ ಹಾರ್ಮೋನು! ಅಂದಿನಿಂದ ಎದೆಯುಬ್ಬಿಸಿ ನಡೆದೆ. ದಟ್ಟ ಕೂದಲಿನವರನ್ನು ಕಂಡರೆ ಪಾಪ ಅನ್ನಿಸುತ್ತಿತ್ತು.

ಈ ಹೆಮ್ಮೆಗೆ ಪರೀಕ್ಷೆ ಬಂದದ್ದು ಮಗಳು ರೂಪಾಳಿಗೆ ಗಂಡು ನೋಡುವಾಗ. ಹೊನ್ನಾಳಿಯ ಹುಡುಗ, ಕಾಲೇಜಿನಲ್ಲಿ ಜೀವಶಾಸ್ತ್ರದ ಉಪನ್ಯಾಸಕ. ಫೋನಿನಲ್ಲಿ ಮಾತಾಡಿದ ರೂಪಾ ಒಪ್ಪಿಬಿಟ್ಟಿದ್ದಳು. ನನ್ನ ಹೆಂಡತಿ ಗಿರಿಜಾ ಮಾತ್ರ ಫೋಟೊದ ಹಣೆಯ ಮೇಲೆ ಬೆರಳಿಟ್ಟಳು. "ಈಗ್ಲೇ ಹಿಂಗೈತೆ. ಮುಂದೆ ನಿಮ್ಮಂಗೇ ಆಗ್ತಾನೆ. ನನಗಾಗಿದ್ದು ಸಾಕು, ಮಗಳಿಗೂ ಬ್ಯಾಡ್ರಿ." ರೂಪಾಳ ಮುಖ ಬಾಡಿತು. ನನಗೂ ನೋವಾಯಿತು. ಆ ಹುಡುಗ ಸೋತರೆ ನಾನೂ ಸೋತಂತೆಯೇ. "ಒಂದ್ಸಲ ಎದುರಿಗೆ ನೋಡು, ಆಮೇಲೆ ಹೇಳು" ಎಂದು ಹೇಗೋ ಒಪ್ಪಿಸಿದೆ.

ಭಾನುವಾರ ಹುಡುಗನ ಕಡೆಯವರು ಬಂದರು. ಉಪ್ಪಿಟ್ಟು ಮುಗಿಯುವ ಮೊದಲೇ ನಾನು ನಮ್ಮಿಬ್ಬರ ಪರವಾಗಿ ವಾದ ಶುರುಮಾಡಿದೆ. "ಗಂಡಸರ ಹಾರ್ಮೋನು ಜಾಸ್ತಿ ಇದ್ದೋರಿಗೇ ಕೂದ್ಲು ಉದುರೋದು. ಇಂಥೋರು ಸಿಗಾಕೆ ಪುಣ್ಯ ಮಾಡಿರ್ಬೇಕು!" ಹುಡುಗ ಸುಮ್ಮನಿದ್ದಿದ್ದರೆ ಅವನಿಗೇ ಲಾಭ. ಆದರೆ ಮೇಷ್ಟ್ರು, ತಪ್ಪು ಪಾಠ ಕೇಳಿಕೊಂಡು ಹೇಗೆ ಕೂತಾರು? "ಹಂಗಲ್ಲ ಸರ್. ಹಾರ್ಮೋನು ನಮಗೂ ಎಲ್ಲರಷ್ಟೇ ಇರ್ತೈತೆ. ನಮ್ಮ ಕೂದಲಿನ ಬೇರಿಗೆ ಅದನ್ನ ತಡ್ಕೊಳ್ಳಾಕೆ ಆಗಲ್ಲ, ಅಷ್ಟೇ. ಹೆಣ್ಮಕ್ಕಳಲ್ಲೂ ಅದು ಸ್ವಲ್ಪ ಇರ್ತೈತೆ" ಎಂದುಬಿಟ್ಟ. ನಾನು ಉಪ್ಪಿಟ್ಟಿನ ತಟ್ಟೆ ಕೆಳಗಿಟ್ಟೆ. ಗಿರಿಜಾ ಎದ್ದಳು. ಸಂಬಂಧ ಮುರಿಯಿತು ಎಂದುಕೊಂಡೆ, ರೂಪಾಳ ಕಡೆ ನೋಡಲು ಧೈರ್ಯವಾಗಲಿಲ್ಲ. "ಇಷ್ಟು ವರ್ಷ ಈ ಮನ್ಯಾಗೆ ನಿಜ ಹೇಳೋ ಗಂಡಸು ಇರ್ಲಿಲ್ಲ ನೋಡ್ರಿ. ತಡೀರಿ, ಎಲೆ ಅಡಿಕೆ ತರ್ತೀನಿ" ಎಂದು ಗಿರಿಜಾ ಒಳಗೆ ಹೋದಳು. ನಮ್ಮಲ್ಲಿ ಎಲೆ ಅಡಿಕೆ ಬದಲಾಯಿಸಿದರೆ ಮದುವೆ ಗಟ್ಟಿಯಾದಂತೆ.

ಈಗ ಯಾರಾದರೂ ನನ್ನ ತಲೆ ನೋಡಿ ನಕ್ಕರೆ ಹಾರ್ಮೋನಿನ ಸುದ್ದಿ ಎತ್ತುವುದಿಲ್ಲ. "ನಮ್ಮ ಅಳಿಯಂದೂ ಹಿಂಗೇ ಐತ್ರಿ, ಲೆಕ್ಚರರು" ಎಂದು ನೆತ್ತಿ ಸವರಿಕೊಳ್ಳುತ್ತೇನೆ.